ಲೆಡ್ಜರ್ ಆ್ಯಪ್: ದಿನಾಂಕದ ಬಾಕ್ಸ್ ಕೊನೆಗೂ ಸರಿಹೋಯಿತು

ಊರಿನ ಲೈಬ್ರರಿಗೆ ಮಾಡುತ್ತಿರುವ ವೆಬ್ ಆ್ಯಪ್‌ನಲ್ಲಿ ಮೂರು ವಾರದಿಂದ ಒಂದೇ ಬಾಕ್ಸ್ ಹಿಡಿದು ಕೂತಿದ್ದೇನೆ. ಪುಸ್ತಕ ಕೊಟ್ಟ ತಾರೀಕು. ಹುಡುಕಾಟ, ಸದಸ್ಯರ ಪಟ್ಟಿ, ಬ್ಯಾಕಪ್ ಎಲ್ಲ ಎಂದೋ ಮುಗಿದಿದೆ.

ಮೊದಲು ಬ್ರೌಸರಿನದೇ ಡೇಟ್ ಇನ್‌ಪುಟ್ ಹಾಕಿದ್ದೆ. ಒಳಗಿನ ವ್ಯಾಲ್ಯೂ ಯಾವಾಗಲೂ 2024-03-05 ಅನ್ನುವ ಹಾಗೆ ವರ್ಷ, ತಿಂಗಳು, ದಿನ. ಕಣ್ಣಿಗೆ ಕಾಣುವುದು ಮಾತ್ರ ಆ ಕಂಪ್ಯೂಟರಿನ ಭಾಷೆಯ ಸೆಟ್ಟಿಂಗ್ ಪ್ರಕಾರ. ನನ್ನ ಲ್ಯಾಪ್‌ಟಾಪಿನಲ್ಲಿ 05/03/2024 ಅಂತ ಬಂತು, ಲೈಬ್ರರಿಯ ಹಳೇ ಕಂಪ್ಯೂಟರ್ ಅಮೆರಿಕನ್ ಇಂಗ್ಲಿಷಿನಲ್ಲಿತ್ತು, ಅಲ್ಲಿ 03/05/2024. ಇದನ್ನು ವೆಬ್ ಪುಟ ಬರೆಯುವ ಎಚ್‌ಟಿಎಂಎಲ್‌ನಿಂದ ಬದಲಾಯಿಸಲು ದಾರಿಯಿಲ್ಲ. ಲೆಡ್ಜರ್ ನೋಡಿಕೊಳ್ಳುವ ಮೇಷ್ಟ್ರು ಜೀವನವಿಡೀ ದಿನವನ್ನೇ ಮೊದಲು ಬರೆದವರು. ಅವರು ಯಾಕೆ ಬದಲಾಗಬೇಕು? ಡೇಟ್ ಇನ್‌ಪುಟ್ ತೆಗೆದು ಸಾದಾ ಟೆಕ್ಸ್ಟ್ ಬಾಕ್ಸ್ ಇಟ್ಟೆ.

ಅಲ್ಲಿ ಟೈಪ್ ಮಾಡಿದ್ದನ್ನು ನೇರವಾಗಿ ಜಾವಾಸ್ಕ್ರಿಪ್ಟಿನ ಡೇಟ್‌ಗೆ ಕೊಟ್ಟದ್ದು ನನ್ನ ತಪ್ಪು. ಅದು ಅಮೆರಿಕದವರ ಹಾಗೆ ತಿಂಗಳನ್ನೇ ಮೊದಲು ಓದುತ್ತದೆ. 25/03/2024 ಕೊಟ್ಟರೆ ಇನ್‌ವ್ಯಾಲಿಡ್ ಅನ್ನುತ್ತದೆ, ಅಲ್ಲಿಗೆ ಗೊತ್ತಾಗುತ್ತದೆ. 05/03/2024 ಕೊಟ್ಟರೆ ಸುಮ್ನೆ ಮೇ 3 ಅಂದುಕೊಂಡು ಮುಂದೆ ಹೋಗುತ್ತದೆ. ಇದು ಜಾಸ್ತಿ ಅಪಾಯ, ಅಲ್ವಾ? ಹಾಗಾಗಿ ದಿನ, ತಿಂಗಳು, ವರ್ಷ ನಾನೇ ಬಿಡಿಸಿಕೊಂಡೆ. ಗೆರೆ, ಓರೆ ಗೆರೆ, ಚುಕ್ಕಿ ಯಾವುದಿದ್ದರೂ ಸರಿ. ಫೆಬ್ರವರಿ 31 ಕೊಟ್ಟರೆ ಡೇಟ್ ತಕರಾರಿಲ್ಲದೆ ಮಾರ್ಚಿಗೆ ಜಾರುತ್ತದೆ, ಅದಕ್ಕೆ ಡೇಟ್ ಮಾಡಿದ ಮೇಲೆ ದಿನ, ತಿಂಗಳು ಕೊಟ್ಟಷ್ಟೇ ಇದೆಯಾ ಅಂತ ಮತ್ತೆ ನೋಡುತ್ತೇನೆ.

ಮರುದಿನವೇ ಮೇಷ್ಟ್ರ ಫೋನು. "ಏನಪ್ಪಾ, ಇವತ್ತು ಕೊಟ್ಟ ಪುಸ್ತಕ ನಿನ್ನೆ ತಾರೀಕಿಗೆ ಬಿದ್ದಿದೆಯಲ್ಲ?"

ನೋಡಿದರೆ ಎಲ್ಲ ಎಂಟ್ರಿಯೂ ಒಂದು ದಿನ ಹಿಂದೆ. ನಾನು ಮಾಡಿದ ಡೇಟ್ ನಮ್ಮ ಮಧ್ಯರಾತ್ರಿಯದು. ಡೇಟನ್ನು ಅಕ್ಷರವಾಗಿ ಬರೆದುಕೊಡುವ ಟು-ಐಎಸ್‌ಒ-ಸ್ಟ್ರಿಂಗ್ ಅದನ್ನು ಯುಟಿಸಿಗೆ, ಅಂದರೆ ಜಗತ್ತಿನ ಮೂಲ ಸಮಯಕ್ಕೆ ತಿರುಗಿಸುತ್ತದೆ, ನಾವು ಐದೂವರೆ ಗಂಟೆ ಮುಂದಿರುವುದರಿಂದ ಮಾರ್ಚ್ 5ರ ಮಧ್ಯರಾತ್ರಿ ಅಲ್ಲಿ ಮಾರ್ಚ್ 4ರ 18:30. ಅದರ ಮೊದಲ ಹತ್ತು ಅಕ್ಷರ ಮಾತ್ರ ಇಟ್ಟುಕೊಂಡು ಸೇವ್ ಮಾಡಿದರೆ ನಿನ್ನೆ ತಾರೀಕೇ ಸಿಗುವುದು. ಪುಸ್ತಕ ಕೊಟ್ಟ ತಾರೀಕಿಗೆ ಗಂಟೆಯೂ ಬೇಡ, ಟೈಮ್‌ಝೋನೂ ಬೇಡ. ಈಗ ಮೂರು ಸಂಖ್ಯೆಗಳನ್ನು ಜೋಡಿಸಿ 2024-03-05 ಅಂತ ಹಾಗೇ ಇಡುತ್ತೇನೆ.

ಆಮೇಲೆ ಕನ್ನಡ ಅಂಕಿ. ಮೇಷ್ಟ್ರು ಫೋನಿನಲ್ಲಿ ೫-೩-೨೪ ಅಂತಲೇ ಹಾಕುತ್ತಾರೆ. ಅಕ್ಷರಗಳ ಮಾದರಿ ಹುಡುಕುವ ಜಾವಾಸ್ಕ್ರಿಪ್ಟ್ ರೆಜೆಕ್ಸಿನಲ್ಲಿ ಅಂಕಿಗೆ ಇರುವ ಗುರುತು ಬ್ಯಾಕ್‌ಸ್ಲ್ಯಾಷ್-ಡಿ, ಅದು 0ಯಿಂದ 9ರವರೆಗಿನ ಇಂಗ್ಲಿಷ್ ಅಂಕಿ ಮಾತ್ರ ಹಿಡಿಯುತ್ತದೆ. ಪ್ರತಿ ಅಕ್ಷರಕ್ಕೂ ಒಂದು ನಂಬರ್ ಕೊಡುವ ಯೂನಿಕೋಡಿನಲ್ಲಿ ೦ಯ ನಂಬರ್ 3302, ೯ರದು 3311. ಆ ನಂಬರಿನಿಂದ 3302 ಕಳೆದರೆ ಮುಗಿಯಿತು ಅಂದುಕೊಂಡೆ. ಆದರೂ ಒಂದು ಎಂಟ್ರಿ ಒಪ್ಪಲಿಲ್ಲ: ೧ಂ-೩-೨೪. ಅರ್ಧ ಗಂಟೆ ದಿಟ್ಟಿಸಿದ ಮೇಲೆ ಹೊಳೆಯಿತು, ಅಲ್ಲಿರುವುದು ಅಂಕಿಯ ಸೊನ್ನೆ ಅಲ್ಲ, ಅಂ ಅನ್ನುವಾಗಿನ ಸೊನ್ನೆ! ನೋಡಲೂ ಒಂದೇ, ಹೆಸರೂ ಒಂದೇ. ಬರೆದವರದೇನೂ ತಪ್ಪಿಲ್ಲ. ಈ ಬಾಕ್ಸಿನಲ್ಲಿ ಅನುಸ್ವಾರ ಬಂದರೆ ಅದು ಸೊನ್ನೆ ಅಂತಲೇ ಓದುವ ಸಾಲು ಸೇರಿಸಿದೆ, ಇಡೀ ಆ್ಯಪ್‌ನಲ್ಲಿ ನನಗೆ ತುಂಬ ಇಷ್ಟವಾದ ಸಾಲು ಅದು.

ಎರಡೇ ಅಂಕಿಯ ವರ್ಷಕ್ಕೆ ಸುಲಭ ದಾರಿ ಸಿಕ್ಕಿತು. ಪುಸ್ತಕ ಕೊಟ್ಟ ತಾರೀಕು ನಾಳೆಯದಾಗಲು ಸಾಧ್ಯವಿಲ್ಲ. ಹಳೇ ಲೆಡ್ಜರಿನಲ್ಲಿ 87 ಅಂದರೆ 2087 ಅಲ್ಲ, 1987.

ಈಗ ಟೈಪ್ ಮಾಡುತ್ತಿದ್ದ ಹಾಗೇ ಬಾಕ್ಸಿನ ಕೆಳಗೆ "ಮಂಗಳವಾರ, ಮಾರ್ಚ್ 5, 2024" ಅಂತ ಬರುತ್ತದೆ. ವಾರದ ಹೆಸರು ಸುಮ್ನೆ ಚೆಂದಕ್ಕೆ ಹಾಕಿದ್ದೆ. ಆದರೆ ಲೈಬ್ರರಿಗೆ ಸೋಮವಾರ ರಜೆ, ಸೋಮವಾರ ಅಂತ ಬಂದರೆ ಮೇಷ್ಟ್ರು ತಾವೇ ನಿಲ್ಲಿಸಿ ಲೆಡ್ಜರ್ ಇನ್ನೊಮ್ಮೆ ನೋಡುತ್ತಾರೆ. ನಿನ್ನೆ ಸಂಜೆ ಹೀಗೆ ಎರಡು ತಪ್ಪು ಸಿಕ್ಕವು. 1987ರ ಲೆಡ್ಜರಿನಲ್ಲಿ ಹದಿನಾಲ್ಕು ಪುಟ ಆಗಿದೆ.