ತಂತಿ, ಹರಳು, ಪುಡಿ: 10 ಗ್ರಾಂ ತಾಮ್ರದ ಬೆನ್ನು ಹತ್ತಿ

ಹಳೆಯ ವಿದ್ಯುತ್ ತಂತಿಯಿಂದ ಬಿಡಿಸಿಕೊಂಡ 10 ಗ್ರಾಂ ತಾಮ್ರವನ್ನು ಕರಗಿಸಿ ಎರಡು ಸಮಪಾಲು ಮಾಡುವುದು. ಒಂದು ಪಾಲನ್ನು ಹರಳಾಗಿ ಬೆಳೆಸುವುದು. ಇನ್ನೊಂದನ್ನು ಒಂದು ಸಂಯುಕ್ತದಿಂದ ಮತ್ತೊಂದಕ್ಕೆ ದಾಟಿಸುತ್ತಾ ಹೋಗಿ ಕೊನೆಗೆ ಮತ್ತೆ ಲೋಹವಾಗಿಸಿ ತೂಗುವುದು. ಯೋಜನೆ ಇಷ್ಟೇ. ತೂಕ ಎಷ್ಟು ಉಳಿಯುತ್ತದೆ ಎಂಬ ಕುತೂಹಲ ಇದ್ದೇ ಇತ್ತು. ಅದಕ್ಕಿಂತ ಹೆಚ್ಚಾಗಿ, ಕೆಂಪು, ನೀಲಿ, ಬಿಳಿ, ಕಪ್ಪು ಎಂದು ಒಂದೇ ಧಾತು ಇಷ್ಟು ಬಣ್ಣಗಳನ್ನು ಹೇಗೆ ತೋರುತ್ತದೆ ಎಂಬುದನ್ನು ಕಣ್ಣಾರೆ ಕಾಣಬೇಕಿತ್ತು. ಈವರೆಗೆ ನಡೆದದ್ದು ಇಲ್ಲಿದೆ.

ತಂತಿ

ವಿದ್ಯುತ್ ತಂತಿಯನ್ನೇ ಆರಿಸಿಕೊಂಡದ್ದಕ್ಕೆ ಕಾರಣ ಅದರ ಶುದ್ಧತೆ. ತಂತಿಗೆ ಬಳಸುವ ತಾಮ್ರವನ್ನು ವಿದ್ಯುದ್ವಿಭಜನೆಯಿಂದ ಶೇ 99.99ರ ಮಟ್ಟಕ್ಕೆ ಶುದ್ಧೀಕರಿಸಿರುತ್ತಾರೆ. ರಂಜಕದಂಥ ಬೆರಕೆ ಶೇ 0.04ರಷ್ಟು ಉಳಿದರೂ ವಾಹಕತೆ ಗಣನೀಯವಾಗಿ ಕುಸಿಯುವುದರಿಂದ ಈ ಶುದ್ಧತೆ ಅನಿವಾರ್ಯ. ಕೋಣೆಯ ತಾಪಮಾನದಲ್ಲಿ ತಾಮ್ರಕ್ಕಿಂತ ಚೆನ್ನಾಗಿ ವಿದ್ಯುತ್ ಹರಿಸುವ ಲೋಹ ಬೆಳ್ಳಿಯೊಂದೇ. ಕಾಯಿಸಿ ಹದಗೊಳಿಸಿದ ತಾಮ್ರದ ವಾಹಕತೆಯನ್ನು ನೂರು ಎಂದಿಟ್ಟುಕೊಂಡು ಉಳಿದ ಲೋಹಗಳನ್ನು ಅದಕ್ಕೆ ಹೋಲಿಸಿ ಅಳೆಯುವ ಅಂತರರಾಷ್ಟ್ರೀಯ ಮಾನಕವನ್ನು 1913ರಲ್ಲಿ ಗೊತ್ತುಪಡಿಸಿದರು. ಅಂದಿನಿಂದ ಶುದ್ಧೀಕರಣ ಎಷ್ಟು ಸುಧಾರಿಸಿದೆಯೆಂದರೆ ಇಂದಿನ ಒಳ್ಳೆಯ ತಾಮ್ರ ಆ ಅಳತೆಯಲ್ಲಿ 101 ಮುಟ್ಟುತ್ತದೆ. ಮಾನಕವನ್ನೇ ಮೀರಿ ನಿಂತ ಈ ಅಂಕಿ ನನಗೆ ಬಲು ಇಷ್ಟ.

ಹೊದಿಕೆ ಸುಲಿದು, ಮೇಲಿನ ಕಂದು ಪೊರೆಯನ್ನು ಉಜ್ಜಿ ತೆಗೆದಾಗ ಗುಲಾಬಿಗೆ ಹತ್ತಿರದ ಹೊಸ ಕೆಂಪು ಕಂಡಿತು. ಹೆಚ್ಚಿನ ಲೋಹಗಳು ಬೂದು ಅಥವಾ ಬೆಳ್ಳಿಯ ಬಣ್ಣದವು. ತಾಮ್ರದ ಪರಮಾಣು ಸಂಖ್ಯೆ 29. ಅದರ ಎಲೆಕ್ಟ್ರಾನುಗಳಲ್ಲಿ ಹತ್ತು, 3ಡಿ ಎಂಬ ಕಕ್ಷಕಗಳನ್ನು (ಎಲೆಕ್ಟ್ರಾನುಗಳು ಇರುವ ಶಕ್ತಿಮಟ್ಟಗಳನ್ನು) ಪೂರ್ತಿ ತುಂಬಿ, ಕೊನೆಯದೊಂದು 4ಎಸ್‌ನಲ್ಲಿ ಕೂರುತ್ತದೆ. ಡಿ ಮಟ್ಟದಿಂದ ಮೇಲಕ್ಕೆ ಜಿಗಿಯಲು ಬೇಕಾದ ಶಕ್ತಿ ನೀಲಿ-ಹಸಿರು ಬೆಳಕಿನಲ್ಲಿಯೇ ಇರುವುದರಿಂದ ಲೋಹ ಆ ಬೆಳಕನ್ನು ನುಂಗಿ ಕೆಂಪನ್ನು ಹಿಂದಕ್ಕೆ ಕಳಿಸುತ್ತದೆ. ಈ ಹತ್ತು ಮತ್ತು ಒಂದು ಎಂಬ ಲೆಕ್ಕವನ್ನು ನೆನಪಿಟ್ಟುಕೊಳ್ಳಿ, ಮುಂದಿನ ಬಣ್ಣಗಳೆಲ್ಲ ಇದರಿಂದಲೇ ಹುಟ್ಟುತ್ತವೆ.

ಕರಗಿಸಿದ್ದು

ತೆಳು ಗಂಧಕಾಮ್ಲದಲ್ಲಿ ತಂತಿಯನ್ನು ಮುಳುಗಿಸಿಟ್ಟರೆ ಏನೂ ಆಗುವುದಿಲ್ಲ. ಸತುವೋ ಕಬ್ಬಿಣವೋ ಆಗಿದ್ದರೆ ಹೈಡ್ರೋಜನ್ ಗುಳ್ಳೆಗಳು ಎದ್ದು ಬರುತ್ತಿದ್ದವು. ತಾಮ್ರದ ಪ್ರಮಾಣ ವಿಭವ (ಎಲೆಕ್ಟ್ರಾನುಗಳನ್ನು ಸೆಳೆದುಕೊಳ್ಳುವ ಬಲದ ಅಳತೆ) ಹೈಡ್ರೋಜನ್‌ಗಿಂತ 0.34 ವೋಲ್ಟ್ ಮೇಲಿದೆ, ಆದ್ದರಿಂದ ಆಮ್ಲವೊಂದೇ ಅದರಿಂದ ಎಲೆಕ್ಟ್ರಾನು ಕಿತ್ತುಕೊಳ್ಳಲಾರದು. ಜೊತೆಗೆ ಒಂದು ಉತ್ಕರ್ಷಣಕಾರಿ ಬೇಕು. ನಾನು ಬಳಸಿದ್ದು ಹೈಡ್ರೋಜನ್ ಪೆರಾಕ್ಸೈಡ್. ಕ್ರಿಯೆಯಲ್ಲಿ ಉಳಿಯುವುದು ತಾಮ್ರದ ಸಲ್ಫೇಟ್, ಅಂದರೆ ಮೈಲುತುತ್ತ, ಮತ್ತು ನೀರು ಮಾತ್ರ. ನೈಟ್ರಿಕ್ ಆಮ್ಲದ ದಾರಿ ಬೇಗ ಮುಗಿಯುತ್ತದೆ, ಆದರೆ ಅದರಿಂದ ಏಳುವ ಕಂದು ಅನಿಲ ವಿಷ. ಮನೆಯಲ್ಲಿ ಅದರ ಗೊಡವೆಯೇ ಬೇಡ.

ಕನ್ನಡಕ, ಕೈಗವಸು, ತೆರೆದ ಗಾಳಿ, ಯಾವಾಗಲೂ ನೀರಿಗೆ ಆಮ್ಲವೇ ಹೊರತು ಆಮ್ಲಕ್ಕೆ ನೀರಲ್ಲ: ಈ ಮಾತುಗಳಲ್ಲಿ ರಾಜಿಯಿಲ್ಲ. ಪೆರಾಕ್ಸೈಡನ್ನು ಸ್ವಲ್ಪ ಸ್ವಲ್ಪವೇ ಹಾಕುತ್ತಾ ಹೋದೆ. ತಂತಿಯ ಮೈ ಮೊದಲು ಹೊಳಪು ಕಳೆದುಕೊಂಡು ಒರಟಾಯಿತು, ಸುತ್ತ ಸಣ್ಣ ಗುಳ್ಳೆಗಳು ಕಟ್ಟಿದವು. ಅವು ಹೈಡ್ರೋಜನ್ ಅಲ್ಲ. ಕರಗಿದ ತಾಮ್ರವೇ ಪೆರಾಕ್ಸೈಡನ್ನು ಒಡೆದು ಆಕ್ಸಿಜನ್ ಬಿಡಿಸುತ್ತದೆ, ಹಾಗಾಗಿ ಪೆರಾಕ್ಸೈಡ್ ಲೆಕ್ಕಕ್ಕಿಂತ ಹೆಚ್ಚೇ ಬೇಕಾಗುತ್ತದೆ. ಬೀಕರ್ ಬೆಚ್ಚಗಾಯಿತು. ತಂತಿಯಿಂದ ನೀಲಿ ಎಳೆಗಳು ಇಳಿದು ತಳದಲ್ಲಿ ಹರಡಿಕೊಂಡವು, ಮೇಲಿನ ದ್ರಾವಣ ಇನ್ನೂ ತಿಳಿಯಾಗಿಯೇ ಇತ್ತು.

ಲೋಹದಲ್ಲಿ ಕೆಂಪಾಗಿದ್ದದ್ದು ಇಲ್ಲಿ ನೀಲಿಯಾಗುವುದೇಕೆ? ಕರಗುವಾಗ ಪ್ರತಿ ಪರಮಾಣು ಎರಡು ಎಲೆಕ್ಟ್ರಾನು ಕಳೆದುಕೊಳ್ಳುತ್ತದೆ: 4ಎಸ್‌ನ ಒಂದು, ಡಿ ಮಟ್ಟದಿಂದ ಇನ್ನೊಂದು. ಹತ್ತು ಇದ್ದ ಕಡೆ ಒಂಬತ್ತು ಉಳಿದು ಒಂದು ಜಾಗ ಖಾಲಿಯಾಗುತ್ತದೆ. ಸುತ್ತುವರಿದ ನೀರಿನ ಅಣುಗಳು ಡಿ ಮಟ್ಟಗಳನ್ನು ಹೆಚ್ಚು ಶಕ್ತಿಯವು, ಕಡಿಮೆ ಶಕ್ತಿಯವು ಎಂದು ಮೇಲೆ ಕೆಳಗೆ ಸೀಳುತ್ತವೆ. ಕೆಂಪು ಬೆಳಕನ್ನು ನುಂಗಿದ ಎಲೆಕ್ಟ್ರಾನು ಆ ಖಾಲಿ ಜಾಗಕ್ಕೆ ಏರುತ್ತದೆ, ನಮ್ಮ ಕಣ್ಣಿಗೆ ನೀಲಿ ಉಳಿಯುತ್ತದೆ.

ಹರಳು

ಈ ಕೆಲಸದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಇದೇ ಹಂತ. ಅರ್ಧ ದ್ರಾವಣವನ್ನು ಸೋಸಿ, ಕಾಯಿಸಿ ದಟ್ಟವಾಗಿಸಿ, ಮೇಲೆ ಕಾಗದ ಮುಚ್ಚಿ ಅಲುಗಾಡದ ಜಾಗದಲ್ಲಿ ಇಟ್ಟೆ. ತಳದಲ್ಲಿ ಮೂಡಿದ ಸಣ್ಣ ಹರಳುಗಳಲ್ಲಿ ಅಂಚು ಚೂಪಾಗಿರುವ ಒಂದನ್ನು ಆರಿಸಿ ನೈಲಾನ್ ಎಳೆಗೆ ಕಟ್ಟಿ ಮತ್ತೆ ಅದೇ ದ್ರಾವಣದಲ್ಲಿ ತೂಗುಬಿಟ್ಟೆ. ಕೊಂಚ ಆಮ್ಲ ಉಳಿದಿರುವುದು ಇಲ್ಲಿ ಅನುಕೂಲವೇ, ದ್ರಾವಣ ಕದಡದೆ ತಿಳಿಯಾಗಿರುತ್ತದೆ. ಅವಸರ ಮಾಡಿ ಬೇಗ ತಣಿಸಿದರೆ ಹರಳುಗಳು ಗೊಂಚಲಾಗಿ ಒಂದರ ಮೇಲೊಂದು ಹತ್ತಿಕೊಳ್ಳುತ್ತವೆ. ನಿಧಾನವಾಗಿ ಆರಲು ಬಿಟ್ಟರೆ ಒಂದೇ ಹರಳು ಮುಖ ಮುಖವಾಗಿ ದೊಡ್ಡದಾಗುತ್ತದೆ.

ಈಗ ಅದು ಹೆಬ್ಬೆರಳಿನ ಉಗುರಿನಷ್ಟಾಗಿದೆ. ಓರೆಯಾಗಿ ತಳ್ಳಿದ ಪೆಟ್ಟಿಗೆಯಂಥ ಆಕಾರ, ಎಲ್ಲಿಯೂ ಲಂಬಕೋನವಿಲ್ಲ. ತ್ರಿನತ ವರ್ಗದ ಹರಳಿನ ಲಕ್ಷಣವೇ ಅದು, ಮೂರು ಅಕ್ಷಗಳೂ ಓರೆ. 1912ರಲ್ಲಿ ಮ್ಯಾಕ್ಸ್ ಫಾನ್ ಲೌವೆಯ ಊಹೆಯನ್ನು ಪರೀಕ್ಷಿಸಲು ಫ್ರೀಡ್ರಿಶ್ ಮತ್ತು ಕ್ನಿಪ್ಪಿಂಗ್ ಮ್ಯೂನಿಕ್‌ನಲ್ಲಿ ಎಕ್ಸ್-ಕಿರಣ ಹಾಯಿಸಿದ್ದು ಇಂಥದೇ ಮೈಲುತುತ್ತದ ಹರಳಿನ ಮೂಲಕ. ಫಲಕದ ಮೇಲೆ ಚುಕ್ಕೆಗಳು ಮೂಡಿದವು. ಎಕ್ಸ್-ಕಿರಣ ಅಲೆ ಎಂಬುದು, ಹರಳಿನೊಳಗೆ ಪರಮಾಣುಗಳು ಸಾಲುಗಟ್ಟಿ ನಿಂತಿವೆ ಎಂಬುದು, ಎರಡೂ ಒಟ್ಟಿಗೆ ಖಚಿತವಾದವು. ಲೌವೆಗೆ 1914ರ ಭೌತವಿಜ್ಞಾನದ ನೊಬೆಲ್ ಬಂತು. ಎಳೆಯ ತುದಿಯಲ್ಲಿ ತೂಗುವ ಈ ನೀಲಿ ತುಣುಕನ್ನು ಬೆಳಕಿಗೆ ಹಿಡಿದಾಗಲೆಲ್ಲ ಆ ಚುಕ್ಕೆಗಳ ನೆನಪಾಗುತ್ತದೆ.

ಒಡೆದ ಚೂರುಗಳನ್ನು ಪುಡಿಮಾಡಿ ಪ್ರನಾಳದಲ್ಲಿ ಕಾಯಿಸಿದೆ. ಗಾಜಿನ ಮೇಲ್ಭಾಗದಲ್ಲಿ ನೀರಿನ ಹನಿಗಳು ಕೂತವು, ಕೆಳಗಿನ ಪುಡಿ ಅಂಚಿನಿಂದ ಬೆಳ್ಳಗಾಗುತ್ತಾ ಬಂತು. ಹರಳಿನ ತೂಕದಲ್ಲಿ ಶೇ 36ರಷ್ಟು ನೀರೇ ಇದೆ: ಪ್ರತಿ ತಾಮ್ರಕ್ಕೆ ಐದು ನೀರಿನ ಅಣು. ನಾಲ್ಕು ತಾಮ್ರವನ್ನು ನೇರವಾಗಿ ಸುತ್ತುವರಿದಿವೆ, ಐದನೆಯದು ಸಲ್ಫೇಟಿಗೆ ಹತ್ತಿಕೊಂಡಿದೆ. ನೀರು ಹೋದರೆ ಡಿ ಮಟ್ಟಗಳ ಸೀಳು ಕಿರಿದಾಗಿ, ನುಂಗುವ ಬೆಳಕು ಕಣ್ಣಿಗೆ ಕಾಣದ ಅವಕೆಂಪಿನ ಕಡೆಗೆ ಸರಿಯುತ್ತದೆ, ಪುಡಿ ಬಿಳಿ. ತಣಿದ ಮೇಲೆ ಒಂದು ಹನಿ ನೀರು ಹಾಕಿದೆ. ಹನಿ ಬಿದ್ದ ಕಡೆ ನೀಲಿ ಮರಳಿತು, ಪ್ರನಾಳ ಬಿಸಿಯಾಯಿತು. ಅಮೋನಿಯ ದ್ರಾವಣದಲ್ಲಿ ಇದರದೇ ತದ್ವಿರುದ್ಧ: ಅಮೋನಿಯ ಹಿಡಿತ ನೀರಿಗಿಂತ ಬಿಗಿ, ಸೀಳು ಅಗಲವಾಗುತ್ತದೆ, ಬಣ್ಣ ಕಡು ನೀಲಿ-ನೇರಳೆಗೆ ತಿರುಗುತ್ತದೆ.

ಇನ್ನರ್ಧ ದ್ರಾವಣ

ಇದು ಬೇಗ ಮುಗಿಯಿತು. ಕಾಸ್ಟಿಕ್ ಸೋಡಾ ದ್ರಾವಣ ಸೇರಿಸಿದಾಗ ತಾಮ್ರದ ಹೈಡ್ರಾಕ್ಸೈಡ್ ತಿಳಿನೀಲಿ ಲೋಳೆಯಾಗಿ ಇಳಿಯಿತು. ಹಾಗೆಯೇ ಕಾಯಿಸಿದಾಗ ಕುದಿಯುವ ಮುನ್ನವೇ ಕಪ್ಪಾಗಿ ತಾಮ್ರದ ಆಕ್ಸೈಡ್ ಆಯಿತು. ಸೋಸಿ, ತೊಳೆದು, ಒಣಗಿಸಿದ ಪುಡಿ 6.1 ಗ್ರಾಂ ತೂಗಿತು. 5 ಗ್ರಾಂ ತಾಮ್ರಕ್ಕೆ 6.26 ಬರಬೇಕು. ಸೋಸುಕಾಗದದ ಎಳೆಗಳಲ್ಲಿ ಕಪ್ಪು ಉಳಿದದ್ದು ಕಾಣುತ್ತಿತ್ತು, ವ್ಯತ್ಯಾಸ ಅಲ್ಲಿದೆ.

ಆಕ್ಸೈಡನ್ನು ಮತ್ತೆ ತೆಳು ಗಂಧಕಾಮ್ಲದಲ್ಲಿ ಕರಗಿಸಿದೆ. ಈ ಸಲ ಪೆರಾಕ್ಸೈಡ್ ಬೇಕಿಲ್ಲ, ಎಲೆಕ್ಟ್ರಾನು ಆಗಲೇ ಹೋಗಿದೆ. ಆ ನೀಲಿಗೆ ಸತುವಿನ ತುಣುಕುಗಳನ್ನು ಹಾಕಿದಾಗ ಅವುಗಳ ಮೈಮೇಲೆ ಕೆಂಗಂದು ಪಾಚಿ ಕಟ್ಟಿತು. ಸತು ತನ್ನ ಎಲೆಕ್ಟ್ರಾನುಗಳನ್ನು ಕೊಟ್ಟು ದ್ರಾವಣಕ್ಕೆ ಇಳಿಯುತ್ತದೆ, ತಾಮ್ರ ಅವನ್ನು ಪಡೆದು ಲೋಹವಾಗಿ ಹೊರಬರುತ್ತದೆ. ಚೀನಾದಲ್ಲಿ ಸಾಂಗ್ ರಾಜವಂಶದ ಕಾಲದಲ್ಲಿಯೇ ಗಣಿಯ ನೀಲಿ ನೀರಿಗೆ ಕಬ್ಬಿಣ ಹಾಕಿ ಹೀಗೆ ತಾಮ್ರ ತೆಗೆಯುತ್ತಿದ್ದರು. ನೀಲಿ ಮೆಲ್ಲಗೆ ಮಾಸಿ ಕೊನೆಗೆ ದ್ರಾವಣ ನೀರಿನಂತೆ ತಿಳಿಯಾಯಿತು. ಸತುವಿನ ಅಯಾನಿನಲ್ಲಿ ಡಿ ಮಟ್ಟದ ಹತ್ತೂ ಜಾಗ ಭರ್ತಿ, ಏರಲು ಖಾಲಿ ಜಾಗವಿಲ್ಲ, ಹಾಗಾಗಿ ಬಣ್ಣವೂ ಇಲ್ಲ.

ಉಳಿದ ಸತುವನ್ನು ಆಮ್ಲದಲ್ಲಿ ಕರಗಿಸಿ ಕಳೆದೆ (ಹೈಡ್ರೋಜನ್ ಏಳುತ್ತದೆ, ಹತ್ತಿರ ಬೆಂಕಿ ಇರಕೂಡದು). ಪುಡಿಯನ್ನು ತೊಳೆದು, ಮದ್ಯಸಾರದಲ್ಲಿ ಜಾಲಿಸಿ ಬೇಗ ಒಣಗಿಸಿದೆ. ಇಷ್ಟು ನಯವಾದ ತಾಮ್ರ ತೇವದಲ್ಲಿ ಇದ್ದರೆ ಕಪ್ಪಾಗುತ್ತದೆ. ತೂಕ 4.8 ಗ್ರಾಂ.

ತೊಳೆದ ನೀರನ್ನೆಲ್ಲ ಒಂದು ಡಬ್ಬದಲ್ಲಿ ಕೂಡಿಟ್ಟಿದ್ದೇನೆ. ಅದನ್ನು ಚರಂಡಿಗೆ ಸುರಿಯಬೇಡಿ. ತಾಮ್ರ ನಮ್ಮ ದೇಹಕ್ಕೂ ಬೇಕಾದ ಧಾತು, ವಯಸ್ಕರ ಮೈಯಲ್ಲಿ ಸುಮಾರು 0.1 ಗ್ರಾಂ ಇರುತ್ತದೆ. ಆಕ್ಟೋಪಸ್ಸಿನ ರಕ್ತದಲ್ಲಿ ಆಕ್ಸಿಜನ್ ಹೊರುವುದೂ ತಾಮ್ರವೇ. ಆದರೆ ನೀರಿನಲ್ಲಿ ಕರಗಿದ ತಾಮ್ರ ಸ್ವಲ್ಪವಿದ್ದರೂ ಮೀನು, ಬಸವನಹುಳು, ಪಾಚಿಗಳಿಗೆ ವಿಷ. 1885ರಲ್ಲಿ ಫ್ರೆಂಚ್ ಸಸ್ಯವಿಜ್ಞಾನಿ ಮಿಲ್ಲಾರ್ಡೆ ದ್ರಾಕ್ಷಿಯ ಬೂಜುರೋಗಕ್ಕೆ ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣವನ್ನು ಪ್ರಕಟಿಸಿದಾಗ ನೆಚ್ಚಿದ್ದು ಈ ವಿಷಗುಣವನ್ನೇ. ಡಬ್ಬಕ್ಕೆ ಕಬ್ಬಿಣದ ನಾರು ಹಾಕಿದ್ದೇನೆ, ತಾಮ್ರವೆಲ್ಲ ಕೆಳಗಿಳಿಯಲಿ.

ಮುಂದೆ

ಪುಡಿ ತಾಮ್ರವೇ ಹೌದು, ಆದರೆ ತಂತಿಯಲ್ಲ. ಕರಗಿಸಿ ಎರಕ ಹೊಯ್ಯಲು 1085 ಡಿಗ್ರಿ ಸೆಲ್ಸಿಯಸ್ ಬೇಕು, ಅಂಥ ಕುಲುಮೆ ನನ್ನಲ್ಲಿಲ್ಲ. ಆದ್ದರಿಂದ ಶುದ್ಧೀಕರಣ ಘಟಕಗಳ ದಾರಿಯನ್ನೇ ಹಿಡಿಯುತ್ತೇನೆ. ಪುಡಿಯನ್ನು ಬಟ್ಟೆಚೀಲದಲ್ಲಿ ಬಿಗಿಯಾಗಿ ತುಂಬಿ, ನಡುವೆ ಗ್ರಾಫೈಟ್ ಕಡ್ಡಿ ಸಿಕ್ಕಿಸಿ ಧನಾಗ್ರವಾಗಿಸುವುದು, ಋಣಾಗ್ರಕ್ಕೆ ತೆಳ್ಳನೆಯ ತಾಮ್ರದ ತಂತಿ, ನಡುವೆ ಆಮ್ಲ ಬೆರೆಸಿದ ಮೈಲುತುತ್ತದ ದ್ರಾವಣ. ಪುಡಿಯಲ್ಲಿ ಸತು ಉಳಿದಿದ್ದರೆ ಅದು ದ್ರಾವಣದಲ್ಲಿಯೇ ಉಳಿಯುತ್ತದೆ. ಬೆಳ್ಳಿ, ಚಿನ್ನದಂಥವು ಕರಗದೆ ತಳಕ್ಕೆ ಬೀಳುತ್ತವೆ. ಕಾರ್ಖಾನೆಗಳಲ್ಲಿ ಆ ಕೆಸರಿನಿಂದಲೇ ಸೆಲೆನಿಯಂ, ಟೆಲ್ಲುರಿಯಂ ಕೂಡ ತೆಗೆಯುತ್ತಾರೆ. ಫ್ಯಾರಡೆಯ ನಿಯಮದ ಪ್ರಕಾರ 0.1 ಆಂಪಿಯರ್ ಒಂದು ಗಂಟೆ ಹರಿದರೆ 0.12 ಗ್ರಾಂ ತಾಮ್ರ ಕೂರುತ್ತದೆ. 4.8 ಗ್ರಾಂ ದಾಟಲು ಸುಮಾರು 40 ಗಂಟೆ. ವಿದ್ಯುತ್ತನ್ನು ಹೆಚ್ಚಿಸಿದರೆ ಬೇಗ ಮುಗಿಯುತ್ತದೆ, ಆದರೆ ತಾಮ್ರ ಉದುರುಪುಡಿಯಾಗಿ ಕೂರುತ್ತದೆ. ಹಾಗಾಗಿ 0.1ರಲ್ಲಿಯೇ ಬಿಡುತ್ತೇನೆ. ಚೀಲ ಹೊಲಿದಾಗಿದೆ, ಅಮ್ಮೀಟರ್ ಜೋಡಿಸುವುದು ಬಾಕಿ.