ಲೈಟ್ ಮಿನುಗುತ್ತಿದೆ ಅಂದರೆ ಬೋರ್ಡ್ ಸರಿ ಇದೆ ಅಂದುಕೊಂಡಿದ್ದೆ

ಪ್ಯಾಕಿಂಗ್ ಲೈನಿನ ಮೇಲಿರುವ ಡಿಸ್‌ಪ್ಲೇಯ ಕೆಲಸ ಒಂದೇ. ಕೆಳಗಿನ ಸ್ಕೇಲ್ ಕಳಿಸುವ ತೂಕವನ್ನು ದೊಡ್ಡ ಅಂಕಿಯಲ್ಲಿ ತೋರಿಸುವುದು. ಅದಕ್ಕೆ ಹೊಸ ಬೋರ್ಡ್ ಕೇಳಿದರೆ ಬಜೆಟ್ ಇಲ್ಲ ಅಂದರು, ಸ್ಟೋರಿನಲ್ಲಿ ಬಿದ್ದಿದ್ದ ಮೊದಲ ತಲೆಮಾರಿನ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡ್ ಕೊಟ್ಟರು, 512 ಎಂಬಿ ರ‍್ಯಾಮಿನದು. ಅದರ ಮೇಲೆ ಲಿನಕ್ಸ್ ಡೆಸ್ಕ್‌ಟಾಪ್ ಏಳುವಷ್ಟರಲ್ಲಿ ಶಿಫ್ಟಿನವರು ಬೈದು ಮುಗಿಸಿರುತ್ತಿದ್ದರು. ರಿಸ್ಕ್ ಓಎಸ್ ಎಂಬ ಆಪರೇಟಿಂಗ್ ಸಿಸ್ಟಮ್ ಹಾಕೋಣ ಅಂದದ್ದು ನಾನೇ. ಮನೆಯಲ್ಲಿ ಹವ್ಯಾಸಕ್ಕೆ ಓಡಿಸುತ್ತಿದ್ದೆ, ಅದರ ಮೇಲೆ ಪ್ರೀತಿ ಸ್ವಲ್ಪ ಜಾಸ್ತಿ. ಏಕಾರ್ನ್ ಕಂಪನಿಯ 1980ರ ದಶಕದ ಯಂತ್ರಗಳಲ್ಲಿ ರೋಮ್ (ROM) ಚಿಪ್ಪಿನಿಂದಲೇ ಓಡುತ್ತಿದ್ದ ವ್ಯವಸ್ಥೆ ಅದು, ಹಾಗಾಗಿ ಈಗಲೂ ಮೈ ಹಗುರ. ಬಿಬಿಸಿ ಬೇಸಿಕ್ ಎಂಬ ಪ್ರೋಗ್ರಾಮಿಂಗ್ ಭಾಷೆ ಒಳಗೇ ಇದೆ. ಪವರ್ ಕೊಟ್ಟು ಸ್ವಲ್ಪ ಹೊತ್ತಿಗೆ ಡೆಸ್ಕ್‌ಟಾಪ್ ಎದುರಿಗಿರುತ್ತದೆ.

ಆದರೆ ಮಲ್ಟಿಟಾಸ್ಕಿಂಗ್, ಅಂದರೆ ಹಲವು ಪ್ರೋಗ್ರಾಮ್ ಒಟ್ಟಿಗೆ ಓಡುವುದು, ಅಲ್ಲಿ ಮರ್ಯಾದೆಯ ಮೇಲೆ ನಡೆಯುತ್ತದೆ. ಒಂದು ಪ್ರೋಗ್ರಾಮ್ ತಾನಾಗಿ ವಿಂಪ್ ಪೋಲ್ ಎಂಬ ಕರೆ ಮಾಡಿ ಜಾಗ ಬಿಟ್ಟರಷ್ಟೇ ಇನ್ನೊಂದಕ್ಕೆ ಸರದಿ. ಸಭೆಯಲ್ಲಿ ಒಬ್ಬರು ಮೈಕ್ ಬಿಡದಿದ್ದರೆ ಮುಗೀತು, ಹಾಗೆ. ಇದು ಗೊತ್ತಿದ್ದೇ ವಾಚ್‌ಡಾಗ್ ಹಾಕಿದ್ದೆ. ಪೈ ಚಿಪ್ಪಿನಲ್ಲೇ ಒಂದು ಇದೆ, ಹೆಚ್ಚೆಂದರೆ ಸುಮಾರು 16 ಸೆಕೆಂಡ್ ಕಾಯುತ್ತದೆ, ಅಷ್ಟರಲ್ಲಿ ಯಾರೂ ಮಾತಾಡಿಸದಿದ್ದರೆ ಬೋರ್ಡನ್ನೇ ರೀಸೆಟ್ ಮಾಡುತ್ತದೆ. ಅದಕ್ಕಾಗಿ ಅಸೆಂಬ್ಲರಿನಲ್ಲಿ ಒಂದು ಚಿಕ್ಕ ಮಾಡ್ಯೂಲ್ ಬರೆದು, ನಿಗದಿತ ಹೊತ್ತಿಗೊಮ್ಮೆ ತಾನಾಗಿ ಕರೆಯುವ ಕಾಲ್ ಎವೆರಿ ಟೈಮರಿಗೆ ಕಟ್ಟಿ, ವಾಚ್‌ಡಾಗ್ ತಟ್ಟುವುದು ಮತ್ತು ಮುಂದಿನ ಹಸಿರು ಲೈಟ್ ಮಿನುಗಿಸುವುದು ಎರಡನ್ನೂ ಅದರಲ್ಲೇ ಇಟ್ಟೆ. ಲೈಟ್ ಮಿನುಗುತ್ತಿದ್ದರೆ ಬೋರ್ಡ್ ಬದುಕಿದೆ ಅಂತ ಎಲ್ಲರಿಗೂ ಹೇಳಿಕೊಟ್ಟೆ. ಪ್ಯಾನೆಲ್ ಮೇಲೆ ಚೀಟಿ ಬೇರೆ ಅಂಟಿಸಿದೆ.

ಸ್ಕೇಲಿನ ತೂಕ ಸೀರಿಯಲ್ ಕೇಬಲಿನಲ್ಲಿ ಬರುತ್ತದೆ, 9600 ಬಾಡ್, ಅಂದರೆ ಸೆಕೆಂಡಿಗೆ 9600 ಬಿಟ್. ನನ್ನ ಪ್ರೋಗ್ರಾಮ್ ಬಫರಿನಲ್ಲಿ ಏನಾದರೂ ಇದೆಯಾ ನೋಡುತ್ತದೆ. ಇದ್ದರೆ ಸಾಲು ಮುಗಿಯುವ ತನಕ ಓದುತ್ತದೆ, ಇಲ್ಲದಿದ್ದರೆ ಸುಮ್ನೆ ವಿಂಪ್ ಪೋಲಿಗೆ ಹೋಗುತ್ತದೆ. ಬಹಳ ಹೊತ್ತು ಏನೂ ಬರದಿದ್ದರೆ 'ಸಿಗ್ನಲ್ ಇಲ್ಲ' ಅಂತ ತೋರಿಸುತ್ತದೆ. ಕೇಬಲ್ ಕಿತ್ತು ಪರೀಕ್ಷೆ ಮಾಡಿಯೂ ಇದ್ದೆ. ಪ್ರತಿ ಸಲ ಸರಿಯಾಗಿ 'ಸಿಗ್ನಲ್ ಇಲ್ಲ' ಬಂತು.

ಒಂದು ದಿನ ಆಡಿಟ್‌ನವರು ಒಳಗಿದ್ದಾಗ ಶಿಫ್ಟ್ ಇನ್‌ಚಾರ್ಜ್ ಫೋನ್ ಮಾಡಿದರು. "ಮೇಡಂ, ಎರಡು ಬೇರೆ ಬೇರೆ ಚೀಲಕ್ಕೆ ಗ್ರಾಮೂ ಬಿಡದೆ ಒಂದೇ ತೂಕ ತೋರಿಸ್ತಾ ಇದೆ."

"ಲೈಟ್ ಮಿನುಗ್ತಾ ಇದೆಯಾ?"

"ಇದೆ ಮೇಡಂ."

"ಹಾಗಾದ್ರೆ ಬೋರ್ಡ್ ಸರಿ ಇದೆ. ಸ್ಕೇಲ್ ನೋಡಿಸಿ."

ಪಾಪ, ನಂಬಿದರು. ಇನ್‌ಸ್ಟ್ರುಮೆಂಟೇಶನ್ ಹುಡುಗರು ಸ್ಕೇಲ್ ಬಿಚ್ಚಿ, ಲೋಡ್ ಸೆಲ್ ನೋಡಿ, ಸ್ಟ್ಯಾಂಡರ್ಡ್ ತೂಕಗಳನ್ನಿಟ್ಟು ಕ್ಯಾಲಿಬ್ರೇಶನ್ ಮಾಡಿದರು. ಸ್ಕೇಲಿನದೇ ಪುಟ್ಟ ಪರದೆಯಲ್ಲಿ ಅಂಕಿ ಸರಿಯಾಗೇ ಇತ್ತು. ಅದನ್ನೂ ಫೋನಿನಲ್ಲಿ ಹೇಳಿದರು. ನಾನು "ಔಟ್‌ಪುಟ್ ಕಾರ್ಡ್ ಹೋಗಿರಬೇಕು" ಅಂದೆ. ಕಣ್ಣಾರೆ ನೋಡದೆ ಎಷ್ಟು ಧೈರ್ಯವಾಗಿ ಹೇಳಿದೆ ಅಂತ ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಕೊನೆಗೆ ನಾನೇ ಹೋದೆ. ಮೌಸ್ ಚುಚ್ಚಿದೆ. ಬಾಣ ನಯವಾಗಿ ಓಡಾಡಿತು. ನೋಡಿ, ಬೋರ್ಡ್ ಆರಾಮಾಗಿದೆ ಅಂತ ಆಡಿಟ್‌ನವರ ಮುಂದೆಯೇ ಹೇಳಿಬಿಟ್ಟೆ! ಆಮೇಲೆ ಐಕಾನ್ ಒತ್ತಿದೆ. ಏನಿಲ್ಲ. ಮೆನು ಬಟನ್ ಒತ್ತಿದೆ. ಏನಿಲ್ಲ. ಬಾಣ ಮಾತ್ರ ಬೆಣ್ಣೆಯಂತೆ ಜಾರುತ್ತಿದೆ, ಪಕ್ಕದಲ್ಲಿ ಹಸಿರು ಲೈಟ್ ಮಿನುಗುತ್ತಿದೆ, ನನ್ನ ಹಿಂದೆ ಒಂದಷ್ಟು ಜನ ನಿಂತಿದ್ದಾರೆ. ಆಗ ಹೊಳೆಯಿತು. ರಿಸ್ಕ್ ಓಎಸ್‌ನಲ್ಲಿ ಬಾಣವನ್ನು ಸರಿಸುವುದು ಕರ್ನಲ್ ಎಂಬ ಒಳತಿರುಳು, ಇಂಟರಪ್ಟಿನಲ್ಲಿ, ಅಂದರೆ ಓಡುತ್ತಿರುವ ಪ್ರೋಗ್ರಾಮನ್ನು ಕ್ಷಣ ತಡೆದು. ನನ್ನ ಲೈಟ್ ಕೂಡ ಇಂಟರಪ್ಟಿನಲ್ಲಿ. ವಾಚ್‌ಡಾಗ್ ತಟ್ಟುವುದೂ ಅಲ್ಲೇ. ಮೇಲೆ ಪ್ರೋಗ್ರಾಮುಗಳೆಲ್ಲ ಸತ್ತು ಬಿದ್ದಿದ್ದರೂ ಕೆಳಗೆ ಟೈಮರ್ ತನ್ನ ಪಾಡಿಗೆ 'ಎಲ್ಲ ಕ್ಷೇಮ' ಅನ್ನುತ್ತಲೇ ಇರುತ್ತದೆ. ವಾಚ್‌ಡಾಗ್ ಆ ಟೈಮರನ್ನು ಕಾಯುತ್ತಿತ್ತು, ನನ್ನ ಪ್ರೋಗ್ರಾಮನ್ನಲ್ಲ.

ಕೀಬೋರ್ಡ್ ತರಿಸಿ ಆಲ್ಟ್ ಬ್ರೇಕ್ ಒತ್ತಿದೆ. ಯಾವ ಪ್ರೋಗ್ರಾಮ್ ನಿಲ್ಲಿಸಲಿ ಅಂತ ಕಿಟಕಿ ಬಂತು. ಅದರಲ್ಲಿ ನನ್ನ ಪ್ರೋಗ್ರಾಮಿನ ಹೆಸರೇ ಇತ್ತು.

ಆಗಿದ್ದಿಷ್ಟು. ಪ್ಯಾನೆಲ್ ಹಿಂದೆ ಕೇಬಲ್ ಕಳಚಿತ್ತು, ಅದೂ ಒಂದು ಸಾಲು ಅರ್ಧ ಬಂದಿದ್ದಾಗ. 16 ಅಕ್ಷರದ ಸಾಲಿಗೆ 9600 ಬಾಡಿನಲ್ಲಿ ಸುಮಾರು 17 ಮಿಲಿಸೆಕೆಂಡ್ ಸಾಕು. ನಾನು ಪರೀಕ್ಷೆಗೆ ಕಿತ್ತಾಗೆಲ್ಲ ಎರಡು ಸಾಲಿನ ನಡುವಿನ ಬಿಡುವಿನಲ್ಲೇ ಬಿದ್ದಿರಬೇಕು. ಈ ಸಲ ಆ ಕಿಂಡಿಯಲ್ಲಿ ಸರಿಯಾಗಿ ಸಿಕ್ಕಿಕೊಂಡಿತು. ಸಾಲು ಮುಗಿಯುವ ಅಕ್ಷರ ಬರಲಿಲ್ಲ, ಲೂಪ್ ಬಿಡಲಿಲ್ಲ. ಓದುವ ಲೂಪಿಗೆ ಇಷ್ಟು ಹೊತ್ತು ಕಾದು ಬಿಟ್ಟುಬಿಡು ಅನ್ನುವ ಟೈಮೌಟ್ ಇರಲಿಲ್ಲ, ಅಷ್ಟೇ. ನಿಂತುಹೋದ ಅಂಕಿ ಮಿತಿಯೊಳಗೇ ಇತ್ತು, ಹಾಗಾಗಿ ಅದನ್ನು ನೋಡಿ ಚೀಲಗಳು ಪಾಸಾಗುತ್ತಲೇ ಇದ್ದವು. ಅವನ್ನೆಲ್ಲ ಮತ್ತೆ ತೂಗಿಸಬೇಕಾಯಿತು. ಆ ಸಂಜೆ ಇನ್‌ಚಾರ್ಜ್ ನನ್ನ ಹತ್ತಿರ ಮಾತಾಡಲಿಲ್ಲ.

ರಿಪೋರ್ಟಿನ ಫಾರಂನಲ್ಲಿ ಕಾರಣಕ್ಕೆ ಹಾರ್ಡ್‌ವೇರ್, ಸಾಫ್ಟ್‌ವೇರ್, ಮಾನವ ದೋಷ ಅಂತ ಮೂರೇ ಆಯ್ಕೆ. ನಾನು ಸಾಫ್ಟ್‌ವೇರ್ ಅಂತ ಹಾಕಿದ್ದೆ. ಮ್ಯಾನೇಜರ್ ಅದನ್ನು ಹಾರ್ಡ್‌ವೇರ್ ಮಾಡಿ, ಸ್ಕ್ರೂ ಇರುವ ಕೇಬಲ್ ತರಿಸಿ, ಫೈಲ್ ಮುಚ್ಚಿದರು. ಕೇಬಲಿಗೆ ಬಜೆಟ್ ಇತ್ತು ನೋಡಿ.

ಈಗ ಟೈಮೌಟ್ ಇದೆ, ಅರ್ಧ ಸಾಲು ಬಂದರೆ ಎಸೆಯುತ್ತದೆ. ವಾಚ್‌ಡಾಗ್ ಮತ್ತು ಲೈಟ್ ಎರಡನ್ನೂ ಟೈಮರಿನಿಂದ ಕಿತ್ತು ಪ್ರೋಗ್ರಾಮಿನ ನಲ್ ಈವೆಂಟಿಗೆ, ಅಂದರೆ ಬೇರೆ ಕೆಲಸವಿಲ್ಲದಾಗ ವಿಂಪ್ ಪೋಲ್ ಕೊಡುವ ಸರದಿಗೆ, ತಂದೆ. ವಿಂಪ್ ಪೋಲ್ ತಿರುಗಿದರಷ್ಟೇ ಮಿನುಗು. ಬೇರೆ ಯಾವುದೋ ಪ್ರೋಗ್ರಾಮ್ ಮೈಕ್ ಹಿಡಿದು ಕೂತರೂ ಬೋರ್ಡ್ ರೀಸೆಟ್ ಆಗುತ್ತದೆ.

ಇದರಿಂದ ಹೊಸ ದೂರು ಬಂದಿದೆ. ರಿಸ್ಕ್ ಓಎಸ್‌ನಲ್ಲಿ ಎಫ್ 12 ಒತ್ತಿದರೆ ಕೆಳಗೆ ಕಮಾಂಡ್ ಸಾಲು ಬರುತ್ತದೆ, ಅದು ಇರುವಷ್ಟು ಹೊತ್ತು ಇಡೀ ಡೆಸ್ಕ್‌ಟಾಪ್ ನಿಂತಿರುತ್ತದೆ. ಸರ್ವಿಸ್‌ಗೆ ಬಂದ ಹುಡುಗ ಒಂದೊಂದೇ ಅಕ್ಷರ ಹುಡುಕಿ ಟೈಪ್ ಮಾಡುತ್ತಿದ್ದಾಗ ಬೋರ್ಡ್ ರೀಸೆಟ್ ಆಗಿದೆ. ಮತ್ತೆ ಒತ್ತಿದ್ದಾನೆ, ಮತ್ತೆ ರೀಸೆಟ್. ಬೋರ್ಡ್ ಕೆಟ್ಟಿದೆ ಅಂತ ಬರೆದು ಹೋಗಿದ್ದಾನೆ. ಕಂಟ್ರೋಲ್ ಜೊತೆ ಎಫ್ 12 ಒತ್ತಿ, ಡೆಸ್ಕ್‌ಟಾಪ್ ನಿಲ್ಲಿಸದ ಟಾಸ್ಕ್ ವಿಂಡೋದಲ್ಲಿ ಕೆಲಸ ಮಾಡಿ ಅಂತ ಹಳೇ ಚೀಟಿ ಕಿತ್ತು ಹೊಸದು ಅಂಟಿಸಿದ್ದೇನೆ.