ದೊಡ್ಡಮ್ಮನ ಏಳು ಎಲೆ

ಆಟಿ ತಿಂಗಳ ಒಂದು ಭಾನುವಾರ ಸಂಜೆ. ಕಾಸರಗೋಡಿನ ನೀರ್ಚಾಲಿನಲ್ಲಿ ದೊಡ್ಡಮ್ಮ, ದುಬೈಯಲ್ಲಿ ಅಣ್ಣ-ಅತ್ತಿಗೆ, ಬೆಂಗಳೂರಿನಲ್ಲಿ ಇಬ್ಬರು ತಂಗಿಯರು, ಅದೇ ಸೀಮೆಯ ಪೆರ್ಲದ ಮನೆಯ ಜಗಲಿಯಲ್ಲಿ ನಾನು. ಫೋನಿನಲ್ಲಿ ಆಡಲು ನಾನು ನಾಲ್ಕು ತಿಂಗಳು ಕೂತು ಕೋಡ್ ಬರೆದ ಆಟವನ್ನು ಮನೆಯವರು ಮೊದಲ ಸಲ ಆಡುತ್ತಿದ್ದರು.

ಆಟ ಸುಲಭ. ಪರದೆಯ ಮೇಲೆ ಬಿಟ್ಟ ಸ್ಥಳ ಇರುವ ಒಂದು ವಾಕ್ಯ ಬರುತ್ತದೆ. ಒಬ್ಬೊಬ್ಬರ ಕೈಯಲ್ಲೂ ಏಳು ಎಲೆ, ಅಂದರೆ ಉತ್ತರ ಬರೆದ ಕಾರ್ಡು. ಹೊಂದುವ ಎಲೆಯನ್ನು ಗುಟ್ಟಾಗಿ ಹಾಕಬೇಕು. ಆ ಸುತ್ತಿನ ತೀರ್ಪುಗಾರರಿಗೆ ಯಾವುದು ಜಾಸ್ತಿ ನಗು ತರಿಸಿತೋ ಅದಕ್ಕೆ ಅಂಕ. ಅಮೆರಿಕದಲ್ಲಿ 1999ರ ಆಪಲ್ಸ್ ಟು ಆಪಲ್ಸ್, 2011ರ ಕಾರ್ಡ್ಸ್ ಅಗೇನ್ಸ್ಟ್ ಹ್ಯುಮ್ಯಾನಿಟಿ ಇದೇ ಜಾತಿಯವು. ಎರಡನೆಯದರ ಎಲೆಗಳನ್ನು ಬೇರೆಯವರೂ ಬಳಸಲಿ ಅಂತ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಬಿಟ್ಟಿದ್ದಾರೆ, ಆದರೆ ವ್ಯಾಪಾರಕ್ಕೆ ಬಳಸುವಂತಿಲ್ಲ. ನನ್ನ ಆಟ ಓಪನ್ ಸೋರ್ಸ್, ಅಂದರೆ ಕೋಡನ್ನು ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು; ಅದರಲ್ಲಿ ಅಂಥ ನಿರ್ಬಂಧ ಇರಬಾರದು. ಮೇಲಾಗಿ ಆ ಪೋಲಿ ಮಾತುಗಳನ್ನು ದೊಡ್ಡಮ್ಮನ ಎದುರು ಓದಲಾಗುವುದಿಲ್ಲ. ಹಾಗಾಗಿ ಎಲೆಗಳನ್ನೆಲ್ಲ ನಾನೇ ಬರೆದೆ. 'ಮದುವೆ ಊಟಕ್ಕೆ ಪಾಯಸದ ಬದಲು ____ ಬಡಿಸಿದರು.' ಉತ್ತರಕ್ಕೆ 'ಅಡಿಕೆಗೆ ಬಿಡುವ ಮದ್ದು', 'ಅಜ್ಜನ ಮುಟ್ಟಾಳೆ', 'ಹೋದ ವರ್ಷದ ಹಲಸಿನ ಹಪ್ಪಳ'.

ಒತ್ತಕ್ಷರ ಮಾತ್ರ ತುಂಬಾ ಕಾಡಿತು. ಎಲೆಯ ಅಗಲ ಮೀರಿದ ಪದವನ್ನು ಮುರಿಯುವ ಕೋಡ್ 'ಅಕ್ಕ' ಅನ್ನುವುದನ್ನು ನಾಲ್ಕು ತುಂಡಾಗಿ ಎಣಿಸುತ್ತಿತ್ತು: ಅ, ಕ, ಹಲಂತದ ಗುರುತು, ಇನ್ನೊಂದು ಕ. ಕಂಪ್ಯೂಟರು ಅಕ್ಷರಗಳನ್ನು ಗುರುತಿಸುವ ಯುನಿಕೋಡ್‌ನಲ್ಲಿ ಅದು ಇರುವುದೇ ಹಾಗೆ. ಮೇಲಿನ ಸಾಲಿನಲ್ಲಿ 'ಅಕ್', ಕೆಳಗೆ ಒಂಟಿ 'ಕ'. ಹಲಂತದ ನಂತರ ವ್ಯಂಜನ ಬಂದರೆ ಅಲ್ಲಿ ಮುರಿಯಬಾರದು ಅಂತ ನಿಯಮ ಬರೆದೆ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ಮೇಲೂ ಇಲ್ಲಿನ ಕನ್ನಡ ಶಾಲೆಗಳು ಉಳಿದವು, ನಾನು ಅಂಥ ಶಾಲೆಯಲ್ಲೇ ಅ ಆ ಕಲಿತವನು. ನನ್ನ ಆಟದಲ್ಲಿ ಕನ್ನಡದ ಅಕ್ಷರ ಮುರಿದು ಬೀಳುವುದನ್ನು ನೋಡಲಾರೆ.

ಆರನೇ ಸುತ್ತು. ಮೂರು ಅಂಕ ಗಳಿಸಿ ದೊಡ್ಡಮ್ಮ ಎಲ್ಲರಿಗಿಂತ ಮುಂದಿದ್ದರು. ಗಾಳಿಮಳೆಗೆ ನೀರ್ಚಾಲಿನಲ್ಲಿ ಕರೆಂಟು ಹೋಯಿತು, ಜೊತೆಗೆ ವೈಫೈ. ಅವರ ಫೋನು ಮೊಬೈಲ್ ಡೇಟಾ ಹಿಡಿದು ವಾಪಸು ಬಂದಾಗ ಪರದೆಯಲ್ಲಿ 'ಹೊಸ ಆಟಗಾರರಿಗೆ ಸ್ವಾಗತ'. ಅಂಕ ಸೊನ್ನೆ. ಕೂಡಲೇ ನನಗೆ ಫೋನ್ ಬಂತು.

"ಎನ್ನ ಎಲೆಗೊ ಎಲ್ಲ ಎಲ್ಲಿಗೆ ಹೋತು? ಆನು ಎದ್ದು ಹೋದ್ದಲ್ಲ ಮಗಾ, ಕರೆಂಟು ಹೋದ್ದು."

ಆ ಮಾತು ನನಗೆ ನಾಟಿತು. ಆಟ ನಡೆಸುವ ನನ್ನ ಸರ್ವರು ಹದಿನೈದು ಸೆಕೆಂಡಿಗೊಮ್ಮೆ ಪ್ರತಿ ಫೋನಿಗೂ 'ಇದ್ದೀರಾ' ಅಂತ ಕೇಳುವ ಪಿಂಗ್ ಕಳಿಸುತ್ತದೆ, 'ಇದ್ದೇನೆ' ಅನ್ನುವ ಪಾಂಗ್ ಬರದಿದ್ದರೆ ಸಂಪರ್ಕ ಕಡಿಯುತ್ತದೆ. ಫೋನು, ಸರ್ವರುಗಳ ನಡುವೆ ಸಂಪರ್ಕ ತೆರೆದಿಡುವ ವೆಬ್‌ಸಾಕೆಟ್‌ನಲ್ಲಿ ಈ ಏರ್ಪಾಡು ಮೊದಲೇ ಇದೆ, ಅದು ಬೇಕೇ ಬೇಕು. ಕರೆಂಟು ಹೋದ ರೌಟರ್ ಹೇಳಿ ಹೋಗುವುದಿಲ್ಲ ಅಲ್ವಾ. ತಪ್ಪಿದ್ದದ್ದು ಮುಂದಿನ ಸಾಲಿನಲ್ಲಿ. ಸಂಪರ್ಕ ಕಡಿದ ಕೂಡಲೇ ಕೈಯ ಎಲೆಗಳನ್ನು ಉಳಿದ ಎಲೆಗಳ ಕಟ್ಟಿನೊಳಗೆ ಸೇರಿಸಿ ಹೆಸರು ಅಳಿಸುವಂತೆ ಬರೆದಿದ್ದೆ. ಇಸ್ಪೀಟಿಗೆ ಕೂತವರು ನೀರು ಕುಡಿಯಲು ಒಳಗೆ ಹೋದರೆ ಅವರ ಎಲೆಗಳನ್ನು ಯಾರಾದರೂ ಎತ್ತಿ ಕಲೆಸುತ್ತಾರಾ? ಕವುಚಿ ಇಟ್ಟು ಕಾಯುತ್ತಾರೆ.

ಅದೇ ರಾತ್ರಿ ತಿದ್ದಲು ಕೂತೆ. ಆಟಕ್ಕೆ ಸೇರುವಾಗಲೇ ಪ್ರತಿ ಫೋನಿಗೂ ಯಾರೂ ಊಹಿಸಲಾಗದ ಉದ್ದನೆಯ ಒಂದು ಗುರುತು ಕೊಟ್ಟೆ. ಬ್ರೌಸರ್ ಅದನ್ನು ಜೋಪಾನ ಮಾಡುತ್ತದೆ, ವಾಪಸು ಬಂದಾಗ ತೋರಿಸುತ್ತದೆ. ಬರೀ ಹೆಸರು ನಂಬಿದರೆ ತಂಗಿಯೇ 'ದೊಡ್ಡಮ್ಮ' ಅಂತ ಒತ್ತಿ ಅವರ ಎಲೆ ನೋಡಿಬಿಡಬಹುದು. ಸಂಪರ್ಕ ಹೋದರೆ ಐದು ನಿಮಿಷ ಎಲೆ, ಅಂಕ ಎರಡೂ ಸರ್ವರಿನಲ್ಲೇ ಇರುತ್ತವೆ. ಹೋದವರು ತೀರ್ಪುಗಾರರಾದರೆ ಸರದಿ ಮುಂದಿನವರಿಗೆ. ಕೋಡನ್ನು ಎಂಐಟಿ ಪರವಾನಗಿಯಲ್ಲಿ ಹಾಕಿದ್ದೇನೆ, ಬೇಕಾದವರು ತಮ್ಮ ಊರಿನ ಮಾತು ಸೇರಿಸಿಕೊಳ್ಳಲಿ.

ಮುಂದಿನ ಭಾನುವಾರ ದೊಡ್ಡಮ್ಮನಿಗೆ ಮತ್ತೆ ಮೂರು ಅಂಕ ಆಗಿತ್ತು. ಮತ್ತೆ ಕರೆಂಟು ಹೋಯಿತು. ನಮ್ಮ ಪರದೆಗಳಲ್ಲಿ ಅವರ ಹೆಸರು ಮಸುಕಾಯಿತು, ಅಳಿಯಲಿಲ್ಲ. ಯಾರೂ ಮಾತಾಡಲಿಲ್ಲ. ಅರ್ಧ ನಿಮಿಷ ಕಳೆದಿರಬೇಕು, ಹೆಸರು ಮತ್ತೆ ಕಪ್ಪಾಯಿತು. ಆಗ ಇದ್ದ ವಾಕ್ಯ: 'ಕತ್ತಲಾಯಿತು ಅಂತ ದೀಪದ ಬದಲು ____ ಹೊತ್ತಿಸಿದರು.' ಅಣ್ಣ ತೀರ್ಪುಗಾರ. ಅವನು ಆರಿಸಿದ್ದು 'ಹೋದ ವರ್ಷದ ಹಲಸಿನ ಹಪ್ಪಳ'.

ಎಲೆ ತಿರುಗಿತು. ಅಡಿಯಲ್ಲಿ ದೊಡ್ಡಮ್ಮನ ಹೆಸರು, ಪಕ್ಕದಲ್ಲಿ 4.